ಚಳಿಗೆ ಕಿಟಕಿ ತೆರೆಯಿರಿ ಎಂದ ಡಾಕ್ಟರು

ಕೋಳಿ ಸಾಕಣೆಯ ಪುಸ್ತಕಗಳಿಗೆ ಆಯಸ್ಸು ಕಮ್ಮಿ. ಹತ್ತು ವರ್ಷಕ್ಕೆ ಅದರಲ್ಲಿರುವ ಔಷಧಿ ಹಳೆಯದಾಗುತ್ತೆ, ಮೇವಿನ ಲೆಕ್ಕ ಬದಲಾಗುತ್ತೆ, ಪುಸ್ತಕ ರದ್ದಿಗೆ ಹೋಗುತ್ತೆ. ಪ್ರಿನ್ಸ್ ಟಿ. ವುಡ್ಸ್ ಅನ್ನುವ ಅಮೆರಿಕದ ವೈದ್ಯರು 1924ರಲ್ಲಿ ಬರೆದ ‘ಮಾಡರ್ನ್ ಫ್ರೆಶ್-ಏರ್ ಪೌಲ್ಟ್ರಿ ಹೌಸಸ್’ ಮಾತ್ರ ಮತ್ತೆ ಅಚ್ಚಾಗಿ ಇವತ್ತಿಗೂ ಮಾರಾಟವಾಗ್ತಿದೆ. ಕಾರಣ ಸರಳ. ಮೊದಲ ಸಲ ಓದಿದವರಿಗೆ ಡಾಕ್ಟರಿಗೆ ತಲೆ ಕೆಟ್ಟಿತ್ತೇನೋ ಅನ್ನಿಸುತ್ತೆ. ಹಿಮ ಬೀಳುವ ಊರಲ್ಲಿ ಕೋಳಿಮನೆಯ ಒಂದು ಮಗ್ಗುಲನ್ನು ಜಾಲರಿಯಷ್ಟೇ ಹೊಡೆದು ತೆರೆದೇ ಬಿಡಿ, ಚಳಿಗಾಲದ ರಾತ್ರಿಯೂ ಮುಚ್ಚಬೇಡಿ ಅನ್ನುತ್ತಾರೆ ಅವರು.

ನಾನಿರೋದು ಮಿನೆಸೋಟಾದಲ್ಲಿ. ಜನವರಿಯಲ್ಲಿ ಮೈನಸ್ 25 ಡಿಗ್ರಿ ಸೆಲ್ಸಿಯಸ್ ಅಂದರೆ ಇಲ್ಲಿ ಯಾರೂ ಹುಬ್ಬೇರಿಸಲ್ಲ. ಹಿತ್ತಲಲ್ಲಿ ಆರು ಹೇಂಟೆ ಇವೆ. ಈ ಕಡೆ ಮನೆ ತಗೊಂಡ ಕನ್ನಡದ ಹುಡುಗರು, ಅದರಲ್ಲೂ ಸಾಫ್ಟ್‌ವೇರಿನವರು, ಮಕ್ಕಳಿಗೊಂದು ಖುಷಿ, ಮನೆಗೆ ಮೊಟ್ಟೆ ಅಂತ ಬೇಸಿಗೆಯಲ್ಲಿ ನಾಲ್ಕು ಮರಿ ತಂದಿರ್ತಾರೆ. ಅಕ್ಟೋಬರ್ ಬಂತೆಂದರೆ ಫೋನು ಶುರು. “ಯಾವ ಜಾತಿ ತಡ್ಕೊಳ್ಳುತ್ತೆ ಸರ್? ಕೆಳಗೆ ಏನು ಹಾಸೋಣ? ಹೀಟ್ ಲ್ಯಾಂಪ್ ಎಷ್ಟು ವ್ಯಾಟಿಂದು?” ಈ ಮೂರು ಪ್ರಶ್ನೆಗಳ ಹಿಂದೆಯೂ ಇರೋದು ಒಂದೇ ಚಿಂತೆ, ಕೋಳಿಯನ್ನು ಬೆಚ್ಚಗಿಡೋದು ಹೇಗೆ ಅಂತ. ವುಡ್ಸ್ ಡಾಕ್ಟರ ಪುಸ್ತಕ ಹೊಡೆಯೋದು ಈ ಚಿಂತೆಯ ಬುಡಕ್ಕೇ.

ಕೋಳಿಯ ಮೈ ಬಿಸಿ ಸುಮಾರು 41 ಡಿಗ್ರಿ, ನಮಗಿಂತ ನಾಲ್ಕು ಡಿಗ್ರಿ ಹೆಚ್ಚು. ಮೈಮೇಲೆ ಪುಕ್ಕದ ಕೋಟು. ಪುಕ್ಕ ಉಬ್ಬಿಸಿ ಕೂತರೆ ಒಳಗೊಂದು ಗಾಳಿಯ ಪದರ ನಿಲ್ಲುತ್ತೆ, ಆ ಪದರವೇ ಅದರ ರಜಾಯಿ. ಗಾಳಿ ನೇರವಾಗಿ ಬಡಿಯದಿದ್ದರೆ, ಪುಕ್ಕ ಒದ್ದೆಯಾಗದಿದ್ದರೆ, ಹೊಟ್ಟೆ ತುಂಬಿದ್ದರೆ ಒಳ್ಳೆ ಪುಕ್ಕದ ಕೋಳಿ ಈ ಚಳಿಯನ್ನು ಕಳೆಯುತ್ತೆ. ಕಳೆಯಲಾರದ್ದು ತೇವವನ್ನು. ಕೋಳಿಯ ಹಿಕ್ಕೆಯಲ್ಲಿ ಮುಕ್ಕಾಲು ಭಾಗ ನೀರೇ. ಜೊತೆಗೆ ರಾತ್ರಿಯಿಡೀ ಬಿಡುವ ಉಸಿರಿನ ಆವಿ. ಬಾಗಿಲು, ಕಿಟಕಿ, ಸಂದುಗಳನ್ನೆಲ್ಲ ಟೇಪು ಹಚ್ಚಿ ಮುಚ್ಚಿದಿರೋ, ಆ ನೀರೆಲ್ಲ ಒಳಗೇ ಸುತ್ತಿ, ತಣ್ಣನೆ ಸೂರಿಗೆ ತಾಗಿ, ಜುಟ್ಟಿನ ಮೇಲೆ ಕೂರುತ್ತೆ. ಬೆಳಗ್ಗೆ ನೋಡಿದರೆ ಜುಟ್ಟಿನ ತುದಿ ಕಪ್ಪು. ಹಿಕ್ಕೆಯಿಂದೇಳುವ ಅಮೋನಿಯಾದ್ದು ಇನ್ನೊಂದು ಕಾಟ. ಕಣ್ಣು ಉರಿ, ಶ್ವಾಸಕೋಶಕ್ಕೆ ಪೆಟ್ಟು. ಗಾಳಿಯಲ್ಲಿ ಅದರ ಪ್ರಮಾಣ 25 ಪಿಪಿಎಂ ದಾಟಬಾರದು ಅನ್ನೋದು ದೊಡ್ಡ ಫಾರ್ಮಿನವರೂ ಇಟ್ಟುಕೊಳ್ಳುವ ಗಡಿ. ನಾವು ನಿಂತಿರುವ ಎತ್ತರದಲ್ಲಿ ಮೂಸಿದರೆ ಗೊತ್ತಾಗಲ್ಲ, ಮಂಡಿಯೂರಿ ಕೋಳಿಯ ತಲೆಯ ಮಟ್ಟಕ್ಕೆ ಮೂಗು ತರಬೇಕು.

ಇಷ್ಟನ್ನು ಇಟ್ಟುಕೊಂಡು ವುಡ್ಸ್ ಕಟ್ಟಿದ ಮನೆ ಹೀಗಿದೆ. ದಕ್ಷಿಣದ ಕಡೆ ತೆರೆದ ಜಾಲರಿ. ಉಳಿದ ಮೂರು ಕಡೆ ಗಾಳಿ ನುಸುಳದ ಗೋಡೆ. ಮಾಡು ಮುಂದೆ ತಗ್ಗು, ನಡುವೆ ಒಂದು ಮೆಟ್ಟಿಲಿನಂತೆ ಎದ್ದು ಅಲ್ಲಿ ಕಿಟಕಿಗಳು. ಕೋಳಿಗಳು ಮಲಗೋದು ಹಿಂಗೋಡೆಯ ಹತ್ತಿರ, ಗಾಳಿ ಮುಟ್ಟದ ಒಳಮೂಲೆಯಲ್ಲಿ. ನಮ್ಮೂರಿನವರಿಗೆ ಇದರಲ್ಲಿ ಅಂಥಾ ವಿಶೇಷ ಕಾಣಲ್ಲ ಬಿಡಿ. ಕೋಲಾರ, ತುಮಕೂರಿನ ಹೈವೇ ಪಕ್ಕದ ಯಾವ ಶೆಡ್ ನೋಡಿದರೂ ಎರಡು ಉದ್ದ ಮಗ್ಗುಲಿಗೆ ಜಾಲರಿಯೇ, ಮಳೆಗೂ ಚಳಿಗೂ ಇಳಿಬಿಟ್ಟ ಗೋಣಿ ಪರದೆ. ಆದರೆ ಅಲ್ಲಿ ಜಾಲರಿ ಹಾಕೋದು ಸೆಕೆಗೆ. ಅದನ್ನೇ ಹಿಮದ ನಾಡಿನಲ್ಲಿ ಚಳಿಗೆ ಮದ್ದು ಅಂತ ಹೇಳೋಕೆ ಧೈರ್ಯ ಬೇಕಿತ್ತು. ಕ್ಷಯರೋಗಿಗಳನ್ನು ಚಳಿಯಲ್ಲೂ ತೆರೆದ ವರಾಂಡದಲ್ಲಿ ಮಲಗಿಸುತ್ತಿದ್ದ ಸ್ಯಾನಿಟೋರಿಯಮ್ಮುಗಳ ಕಾಲ ಅದು. ವೈದ್ಯರೊಬ್ಬರಿಗೆ ತಾಜಾ ಗಾಳಿಯ ಮೇಲೆ ಇಷ್ಟು ನಂಬಿಕೆ ಇದ್ದದ್ದು ಆಶ್ಚರ್ಯವಲ್ಲ.

ಈಗ ನನ್ನ ತಕರಾರು. ತೆರೆದ ಮುಖದ ಉಪಾಯ ನಿಂತಿರೋದು ಮನೆಯ ಆಳದ ಮೇಲೆ. ಮುಂದಿನಿಂದ ನುಗ್ಗಿದ ಗಾಳಿಗೆ ಹಿಂದೆ ಹೋಗಲು ದಾರಿಯಿಲ್ಲದೆ ಅದು ಅಲ್ಲೇ ಸುಸ್ತಾಗಬೇಕು. ನಮ್ಮ ಹುಡುಗರು ಅಂಗಡಿಯಿಂದ ತರೋ ನಾಲ್ಕಡಿಗೆ ನಾಲ್ಕಡಿಯ ರೆಡಿಮೇಡ್ ಪೆಟ್ಟಿಗೆಗೆ ‘ಹಿಂದೆ’ ಅನ್ನೋದೇ ಇಲ್ಲ. ವುಡ್ಸ್ ಓದಿದ ಹುಮ್ಮಸ್ಸಿನಲ್ಲಿ ಅದರ ಮುಂಭಾಗ ಕತ್ತರಿಸಿದರೆ ಗಾಳಿ ಸೀದಾ ಕೋಳಿಯ ಎದೆಗೆ. ಅಂಥ ಗೂಡಿಗೆ ತೂತು ಬೇಕಾಗಿರೋದು ಮೇಲೆ, ಸೂರಿನಡಿ, ಕೋಳಿಗಳು ಕೂತಾಗ ತಲೆಗಿಂತ ಸಾಕಷ್ಟು ಎತ್ತರದಲ್ಲಿ. ತೆರೆದ ಮುಖ ಮಾತ್ರ ಕಣ್ಣಿಗೆ ಬಿದ್ದು ಆಳ ಮರೆತುಹೋಗುವ ಹಾಗೆ ಓದುಗನನ್ನು ಹುರಿದುಂಬಿಸೋದು ಈ ಪುಸ್ತಕದ ದೋಷ. ತಮ್ಮದೇ ವಿನ್ಯಾಸದ ಮೇಲಿನ ಮೋಹ ಪುಟಪುಟದಲ್ಲೂ ಇಣುಕುತ್ತೆ. ಮೆಚ್ಚುಗೆಯ ಪತ್ರಗಳಂತೂ, ಈಗಿನ ಆ್ಯಪುಗಳ ಫೈವ್ ಸ್ಟಾರ್ ರಿವ್ಯೂಗಳನ್ನು ನೆನಪಿಸುತ್ತವೆ.

ಇನ್ನೊಂದು, ಜಾತಿಯ ಪ್ರಶ್ನೆ. ತಾಜಾ ಗಾಳಿಗೆ ಎಲ್ಲವನ್ನೂ ಬಿಟ್ಟುಕೊಟ್ಟರೆ ನಡೆಯಲ್ಲ. ನನ್ನ ಆರರಲ್ಲಿ ಎರಡು ವೈಯಾಂಡಾಟ್, ಎರಡು ಬಾರ್ಡ್ ಪ್ಲಿಮತ್ ರಾಕ್, ಒಂದು ಬಕ್‌ಐ, ಒಂದು ಬಿಳಿ ಲೆಗ್‌ಹಾರ್ನ್. ಒಂದೇ ಗೂಡು, ಒಂದೇ ಗಾಳಿ, ಒಂದೇ ಹಾಸು. ಜುಟ್ಟಿನ ತುದಿ ಕಪ್ಪಾಗೋದು ಲೆಗ್‌ಹಾರ್ನಿಗೆ ಮಾತ್ರ. ಅದರದು ಎತ್ತರದ, ತೆಳು, ಹಲ್ಲುಹಲ್ಲಿನ ಜುಟ್ಟು; ಮೆಡಿಟರೇನಿಯನ್ ಬಿಸಿಲಿಗೆ ಹುಟ್ಟಿದ್ದು, ಮೈಯ ಬಿಸಿ ಹೊರಹಾಕೋಕೆ. ವೈಯಾಂಡಾಟಿನದು ತಲೆಗೆ ಒತ್ತಿಕೊಂಡ ಗುಲಾಬಿ ಜುಟ್ಟು. ಬಕ್‌ಐದು ಬಟಾಣಿ ಜುಟ್ಟು. ಒಹಾಯೋದ ನೆಟ್ಟಿ ಮೆಟ್‌ಕಾಫ್ ಅನ್ನುವ ಹೆಣ್ಣುಮಗಳು ಬೆಳೆಸಿದ ತಳಿ ಅದು.

ಹೀಗಿರುವಾಗ ಹ್ಯಾಚರಿ ಕ್ಯಾಟಲಾಗುಗಳು ಮಾಡೋದೇನು? ‘ಕೋಲ್ಡ್ ಹಾರ್ಡಿ’ ಅನ್ನುವ ಒಂದೇ ಮುದ್ರೆ ಒತ್ತಿ ಸಾಲುಸಾಲು ತಳಿಗಳನ್ನು ಒಂದೇ ಬುಟ್ಟಿಗೆ ಹಾಕೋದು. ಆ ಬುಟ್ಟಿಯಲ್ಲಿ ದಪ್ಪ ಪುಕ್ಕದ ಆರ್ಪಿಂಗ್ಟನ್ ಇರುತ್ತೆ, ಆದರೆ ಅದರ ಜುಟ್ಟು ಒಂಟಿ, ಎದ್ದು ನಿಂತದ್ದು. ಬ್ರಹ್ಮಾ ಇರುತ್ತೆ, ಜುಟ್ಟು ಚಿಕ್ಕದು, ಬಹಳ ಒಳ್ಳೇದು, ಆದರೆ ಕಾಲಿನ ತುಂಬಾ ಪುಕ್ಕ. ಒಣ ಹಿಮದಲ್ಲಿ ಅದು ಕಾಲ್ಚೀಲ. ಮಾರ್ಚಿಯ ಕೆಸರಿನಲ್ಲಿ ಅದೇ ಮಂಜುಗಡ್ಡೆಯ ಗೆಜ್ಜೆ. ನಯವಾದ ಕೂದಲಿನಂಥ ಪುಕ್ಕದ ಸಿಲ್ಕಿಯನ್ನೂ ಮಕ್ಕಳ ಮುದ್ದಿಗೆ ಅಂತ ಕೆಲವರು ಈ ಸಾಲಿಗೆ ಸೇರಿಸ್ತಾರೆ. ಆ ಪುಕ್ಕದ ಎಳೆಗಳು ಒಂದಕ್ಕೊಂದು ಕೊಂಡಿ ಹಾಕಿಕೊಳ್ಳಲ್ಲ, ನೀರು ಜಾರಲ್ಲ, ನೆನೆದರೆ ಬಟ್ಟೆಯ ಹಾಗೆ ಅಂಟಿಕೊಳ್ಳುತ್ತೆ. ಒಂದು ಹಕ್ಕಿಯ ಚಳಿಯ ಭವಿಷ್ಯ ಹೇಳೋಕೆ ಜುಟ್ಟು, ಪುಕ್ಕ, ಕಾಲು ಮೂರನ್ನೂ ಬೇರೆಬೇರೆ ನೋಡಬೇಕು.

ಹಾಗೆ ನೋಡಿಯೇ ತಳಿ ಕಟ್ಟಿದವರೂ ಇದ್ದಾರೆ. ಕೆನಡಾದ ಕ್ವಿಬೆಕ್‌ನಲ್ಲಿ, ಓಕಾ ಮಠದ ಸನ್ಯಾಸಿ ಬ್ರದರ್ ವಿಲ್ಫ್ರಿಡ್ ಷಾಟೆಲೆನ್ 1908ರ ಹೊತ್ತಿಗೆ ಈ ಕೆಲಸಕ್ಕೆ ಕೈ ಹಾಕಿದರು. ಐದು ತಳಿ ಬೆರೆಸಿ, ಹತ್ತು ವರ್ಷ ತಾಳಿ, ಷಾಂಟೆಕ್ಲೇರ್ ಅನ್ನುವ ಕೋಳಿಯನ್ನು ಹೊರಗೆ ತಂದರು. ದಿಂಬಿನಂತೆ ತಲೆಗೆ ಅಂಟಿದ ಪುಟ್ಟ ಜುಟ್ಟು, ಕೊರಳ ಕೆಳಗಿನ ಜೋಲು ಇಲ್ಲವೇನೋ ಅನ್ನುವಷ್ಟು ಚಿಕ್ಕದು. ವಿಚಿತ್ರ ಅಂದರೆ ಅವರು ಬೆರೆಸಿದ ಐದರಲ್ಲಿ ಬಿಳಿ ಲೆಗ್‌ಹಾರ್ನೂ ಇತ್ತು! ಮೊಟ್ಟೆ ಅದರಿಂದ ಬೇಕಿತ್ತು, ಜುಟ್ಟು ಬೇಡವಾಗಿತ್ತು.

ಇನ್ನು ಹಾಸು. ವುಡ್ಸ್ ಡಾಕ್ಟರ ಗಮನವೆಲ್ಲ ಗೋಡೆ ಮತ್ತು ಗಾಳಿಯ ಮೇಲೆ. ನೆಲದ ಪಾಠಕ್ಕೆ ಬೇರೆ ಕಡೆ ಹೋಗಬೇಕು. 1940ರ ದಶಕದಲ್ಲಿ ಒಹಾಯೋದ ಕೃಷಿ ಪ್ರಯೋಗ ಕೇಂದ್ರದ ಕೆನಾರ್ಡ್, ಚೇಂಬರ್ಲಿನ್ ಮೊದಲಾದವರು ಹಳೆ ಹಾಸನ್ನು ತೆಗೆಯದೆ, ಮೇಲೆಮೇಲೆ ಹೊಸದನ್ನು ಸೇರಿಸುತ್ತಾ ಹೋಗುವ ಪದ್ಧತಿಯನ್ನು ಪರೀಕ್ಷಿಸಿದರು. ಪದೇಪದೇ ತೊಳೆದಿಟ್ಟ ನೆಲಕ್ಕಿಂತ ಇದರ ಮೇಲೆ ಕೋಳಿಗಳು ಚೆನ್ನಾಗಿದ್ದವು. ಹಾಸಿನ ಸೂಕ್ಷ್ಮಜೀವಿಗಳು ತಯಾರಿಸುವ ಪೋಷಕಾಂಶ ಕೆದಕಿ ತಿನ್ನುವ ಕೋಳಿಗೆ ಸಿಗುತ್ತಿತ್ತು. ಮಲೆನಾಡಿನಲ್ಲಿ ಕೊಟ್ಟಿಗೆಗೆ ದಿನಾ ಸೊಪ್ಪು, ತರಗೆಲೆ ಹಾಸುತ್ತಾ ಹೋಗಿ ಗೊಬ್ಬರ ಮಾಡೋದನ್ನು ನೋಡಿ ಬೆಳೆದ ನನ್ನಂಥವರಿಗೆ ಇದು ಗೊತ್ತಿರೋ ವಿದ್ಯೆಯೇ. ‘ಡೀಪ್ ಲಿಟರ್’ ಅನ್ನುವ ಹೆಸರು ಈಗ ಎಲ್ಲರ ಬಾಯಲ್ಲಿ.

ಆದರೆ ಈಗಿನ ಸಲಹೆಗಾರರು ಅದಕ್ಕೆ ಒಂದು ಬಾಲ ಅಂಟಿಸಿದ್ದಾರೆ: ಡೀಪ್ ಲಿಟರ್ ಕೊಳೆಯುವಾಗ ಬಿಸಿ ಹುಟ್ಟಿ ಗೂಡು ಬೆಚ್ಚಗಾಗುತ್ತೆ ಅಂತ. ಅದೇ ಉಸಿರಲ್ಲಿ ಹಾಸು ಒಣಗಿರಲಿ ಅಂತಲೂ ಅನ್ನುತ್ತಾರೆ. ಎರಡೂ ಒಟ್ಟಿಗೆ ಆಗಲ್ಲ. ಗೊಬ್ಬರದ ಗುಂಡಿ ಬಿಸಿಯಾಗೋಕೆ ಅದರಲ್ಲಿ ಅರ್ಧದಷ್ಟು ತೇವ ಬೇಕು. ಕೋಳಿಯ ಕಾಲಿಗೂ ಮೂಗಿಗೂ ಒಳ್ಳೆಯ ಹಾಸಿನಲ್ಲಿ ಇರಬೇಕಾದ್ದು ನೂರಕ್ಕೆ 20ರಿಂದ 30ರಷ್ಟು. ನೆಲಕ್ಕೆ ತಾಗದ, ಹಲಗೆಯ ತಳದ ಪುಟ್ಟ ಗೂಡಿನಲ್ಲಿ, ಮೈನಸ್ 20ರಲ್ಲಿ, ಒಣ ಹಾಸು ಬಿಸಿ ಹುಟ್ಟಿಸಲ್ಲ. ಹುಟ್ಟಿಸುತ್ತಿದೆ ಅಂದರೆ ಅಲ್ಲಿ ಕೋಳಿ ಮಲಗಬಾರದಷ್ಟು ತೇವ ಇದೆ ಅಂತ ಅರ್ಥ. ದಪ್ಪ ಹಾಸಿನಿಂದ ಸಿಗೋ ಲಾಭ ಬೇರೆ: ತಣ್ಣನೆ ನೆಲಕ್ಕೂ ಕಾಲಿಗೂ ನಡುವೆ ತಡೆ, ಹಿಕ್ಕೆಯ ನೀರು ಹೀರಿಕೊಳ್ಳೋಕೆ ಜಾಗ, ದಿನವಿಡೀ ಕೆದಕೋಕೆ ಕೆಲಸ. ಅಷ್ಟು ಸಾಕಲ್ವಾ?

ಯಾವುದನ್ನು ಹಾಸೋದು? ಮರಳಿನ ಪರ ದೊಡ್ಡ ಬಣವೇ ಇದೆ. ಜರಡಿಯಲ್ಲಿ ಹಿಕ್ಕೆ ಎತ್ತಬಹುದು, ನೋಡೋಕೆ ಚೊಕ್ಕ. ಅರಿಜೋನಾದಲ್ಲಿ ಇರಲಿ, ಬೇಡ ಅನ್ನಲ್ಲ. ಇಲ್ಲಿ ಒಮ್ಮೆ ತೇವವಾದ ಮರಳು ಡಿಸೆಂಬರಿನಲ್ಲಿ ಸಿಮೆಂಟಾಗುತ್ತೆ. ಗೋಧಿಯದೋ ಬಾರ್ಲಿಯದೋ ಹುಲ್ಲು ಟೊಳ್ಳು ಕಡ್ಡಿ, ಗಾಳಿ ಹಿಡಿದು ಬೆಚ್ಚಗಿಡುತ್ತೆ. ನೀರು ಹೀರೋದು ಕಮ್ಮಿ, ಉದ್ದ ಹುಲ್ಲು ಒದ್ದೆಯಾದರೆ ಚಾಪೆಯಾಗಿ ಕೂತು ಅಡಿಯಲ್ಲಿ ಬೂಷ್ಟು. ಹೆಂಪ್ ತುಂಬಾ ಹೀರುತ್ತೆ, ದುಡ್ಡನ್ನೂ. ನನ್ನ ಮಟ್ಟಿಗೆ ಗೂಡಿನೊಳಗೆ ಪೈನ್ ಶೇವಿಂಗ್ಸ್, ಬಡಗಿ ಮರ ಹೆರೆಯುವಾಗ ಬೀಳೋ ಸುರುಳಿ ಸಿಪ್ಪೆ, ಒಂದಡಿ ದಪ್ಪ. ಹೊರಗೆ ಓಡಾಡೋ ಜಾಗದಲ್ಲಿ ಹಿಮದ ಮೇಲೆ ಹುಲ್ಲು. ಸೀಡರ್ ಮರದ್ದು ಬೇಡ, ಅದರ ಘಾಟು ಎಣ್ಣೆ ಉಸಿರಿಗೆ ಒಳ್ಳೇದಲ್ಲ. ನೀರಿನ ಪಾತ್ರೆ ಗೂಡಿನ ಹೊರಗೇ ಇರಲಿ. ಒಂದು ಮುಷ್ಟಿ ಹಾಸು ಹಿಂಡಿ ನೋಡಿ: ಉಂಡೆ ಕಟ್ಟಿ ಹಾಗೇ ನಿಂತರೆ ತೇವ ಜಾಸ್ತಿ. ಬೆಳಗ್ಗೆ ಕಿಟಕಿಯ ಗಾಜಿನ ಒಳಮೈಯಲ್ಲಿ ಮಂಜು ಕಟ್ಟಿದ್ದರೆ ಮೇಲಿನ ತೂತು ಸಾಲದು.

ಹೀಟ್ ಲ್ಯಾಂಪಿನ ಬಗ್ಗೆ ಮಾತ್ರ ನನ್ನಲ್ಲಿ ಎರಡು ಮಾತಿಲ್ಲ. 250 ವ್ಯಾಟಿನ ಕೆಂಪು ಬಲ್ಬು, ಒಂದು ಕೊಕ್ಕೆ, ಕೆಳಗೆ ಒಣಗಿದ ಮರದ ಸಿಪ್ಪೆ, ರೆಕ್ಕೆ ಬಡಿಯುವ ಹಕ್ಕಿ, ಮೇಲಿಂದ ಧೂಳು. ಚಳಿಗಾಲ ಬಂದಾಗಲೆಲ್ಲ ಅಗ್ನಿಶಾಮಕದವರು ಎಚ್ಚರಿಸುತ್ತಾರೆ. ಗೂಡು ಗ್ಯಾರೇಜಿಗೆ ತಾಗಿಕೊಂಡಿದ್ದರೆ ಬೆಂಕಿ ಕೋಳಿಗೆ ನಿಲ್ಲಲ್ಲ, ಮಕ್ಕಳು ಮಲಗಿರೋ ಮನೆಗೇ ಬರುತ್ತೆ. ಬೆಂಕಿಯಾಗದಿದ್ದರೂ, ಬಲ್ಬಿನ ಬಿಸಿಗೆ ಒಗ್ಗಿದ ಹಕ್ಕಿಗೆ ನಡುರಾತ್ರಿ ಕರೆಂಟು ಹೋದರೆ ಒಮ್ಮೆಲೇ ಮೈನಸ್ 25.

ಪುಸ್ತಕ ಓದಬೇಕೇ? ಓದಿ. ಪತ್ರಗಳನ್ನು ಹಾರಿಸಿ, ನಕ್ಷೆಗಳನ್ನು ನಿಧಾನವಾಗಿ ನೋಡಿ. ಪ್ರತಿ ನಕ್ಷೆಯಲ್ಲೂ ಕೋಳಿ ಮಲಗುವ ಜಾಗದಿಂದ ತೆರೆದ ಜಾಲರಿಗೆ ಎಷ್ಟು ಅಡಿ ಅಂತ ಪೆನ್ಸಿಲ್ಲಿನಲ್ಲಿ ಗುರುತು ಮಾಡಿಕೊಳ್ಳಿ. ಆಮೇಲೆ ಟೇಪು ಹಿಡಿದು ಹಿತ್ತಲಿಗೆ ಹೋಗಿ ನಿಮ್ಮ ಗೂಡನ್ನು ಅಳೆಯಿರಿ.