ಒಂಬತ್ತು ಚಿತ್ರಗಳ ನೆರೆಹೊರೆ

ಇನ್‌ಸ್ಟಾಗ್ರಾಂನಲ್ಲಿ ಒಬ್ಬರ ಖಾತೆಯನ್ನು ಹೊಸದಾಗಿ ತೆರೆಯುವವರ ಕಣ್ಣಿಗೆ ಮೊದಲು ಬೀಳುವುದು ಬಿಡಿ ಚಿತ್ರವಲ್ಲ. ಹೆಸರು ಮತ್ತು ಪರಿಚಯದ ಒಂದೆರಡು ಸಾಲುಗಳ ಕೆಳಗೆ, ಅಡ್ಡಸಾಲಿಗೆ ಮೂರರಂತೆ ಕೂತ ಒಂಬತ್ತು ಹನ್ನೆರಡು ಪುಟ್ಟ ಚಿತ್ರಗಳ ಸಮೂಹ. ಈ ಜೋಡಣೆಯನ್ನು ಬಳಕೆದಾರರು ಗ್ರಿಡ್ ಎನ್ನುತ್ತಾರೆ. ಬೆರಳು ಸರಿಸಿದಂತೆ ಒಂದರ ಹಿಂದೊಂದು ಬರುವ ಚಿತ್ರಗಳ ಸಾಲಿಗೆ ಫೀಡ್ ಎಂದು ಹೆಸರು. ತಮ್ಮ ಫೀಡ್ ಅಂದವಾಗಿ ಕಾಣಬೇಕೆಂದು ಬಯಸುವವರು ಸಾಮಾನ್ಯವಾಗಿ ಮೊದಲು ಫಿಲ್ಟರಿಗೆ ಕೈಹಾಕುತ್ತಾರೆ, ಅದು ಸಾಲದೆನಿಸಿದಾಗ ದುಬಾರಿ ಫೋನಿನ ಕಡೆಗೆ ನೋಡುತ್ತಾರೆ. ಆದರೆ ಬಿಡಿಯಾಗಿ ನೋಡಿದಾಗ ಮೆಚ್ಚುಗೆಯಾಗುವ ಚಿತ್ರಗಳು ಒಟ್ಟಿಗೆ ಕೂತಾಗ ಕಳೆಗುಂದುವುದೂ, ಸಾಧಾರಣವೆನಿಸುವ ಚಿತ್ರಗಳು ಜೊತೆಗೂಡಿದಾಗ ಸೊಗಸುವುದೂ ದಿನನಿತ್ಯ ಕಾಣುವ ಸಂಗತಿ. ಒಂದು ಚಿತ್ರದ ಗುಣವನ್ನು ಅದರ ನೆರೆಹೊರೆ ಎತ್ತಬಲ್ಲದು, ಇಳಿಸಲೂ ಬಲ್ಲದು ಎಂಬ ಸರಳ ಸತ್ಯವೇ ಇದಕ್ಕೆ ಕಾರಣ.

ಈ ಸತ್ಯವನ್ನು ಬಣ್ಣಗಳ ಮಟ್ಟಿಗೆ ಶಾಸ್ತ್ರೀಯವಾಗಿ ವಿವರಿಸಿದವರು ಫ್ರಾನ್ಸಿನ ರಸಾಯನ ವಿಜ್ಞಾನಿ ಮಿಶೆಲ್ ಯೂಜೀನ್ ಷೆವ್ರಲ್. ಪ್ಯಾರಿಸ್ಸಿನ ಗೊಬೆಲ್ಯಾಂ ನೇಯ್ಗೆ ಕಾರ್ಖಾನೆಯ ಬಣ್ಣಗಾರಿಕೆ ವಿಭಾಗಕ್ಕೆ 1824ರಲ್ಲಿ ಮುಖ್ಯಸ್ಥರಾದ ಅವರು, ಕಪ್ಪು ನೂಲಿಗೆ ಕಸುವಿಲ್ಲ ಎಂಬ ದೂರಿನ ಬೆನ್ನುಹತ್ತಿದಾಗ, ಅದ್ದಿದ ಬಣ್ಣದಲ್ಲಿ ದೋಷವೇನೂ ಇಲ್ಲವೆಂದೂ, ನೀಲಿ ಮತ್ತು ನೇರಳೆ ನೂಲುಗಳ ಮಗ್ಗುಲಲ್ಲಿ ನೇಯ್ದಾಗ ಮಾತ್ರ ಆ ಕಪ್ಪು ಸಪ್ಪೆಯಾಗಿ ಕಾಣುತ್ತದೆಂದೂ ಕಂಡುಕೊಂಡರು. ಇದರಿಂದ ಮೂಡಿದ ಏಕಕಾಲಿಕ ವರ್ಣವೈದೃಶ್ಯದ ನಿಯಮವನ್ನು, ಅಂದರೆ ಪಕ್ಕಪಕ್ಕದಲ್ಲಿರುವ ಎರಡು ಬಣ್ಣಗಳು ಪರಸ್ಪರರ ವ್ಯತ್ಯಾಸವನ್ನು ಕಣ್ಣಿಗೆ ಹೆಚ್ಚಿಸಿ ತೋರಿಸುತ್ತವೆ ಎಂಬುದನ್ನು, ಅವರು 1839ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದರು. ವರ್ಣಚಕ್ರದಲ್ಲಿ ಎದುರುಬದುರಾಗಿ ಬರುವ ಕಿತ್ತಳೆ-ನೀಲಿ, ಕೆಂಪು-ಹಸಿರಿನಂಥ ಜೋಡಿಗಳಿಗೆ ಪೂರಕ ವರ್ಣಗಳೆಂದು ಹೆಸರು. ಇವು ಅಕ್ಕಪಕ್ಕ ಬಂದಾಗ ಎರಡೂ ಉಜ್ವಲವಾಗುತ್ತವೆ. ನೇಕಾರರ ಮಗ್ಗಕ್ಕೆ ಅನ್ವಯಿಸಿದ ಈ ನಿಯಮ ಫೋನಿನ ತೆರೆಗೂ ಹಾಗೆಯೇ ಅನ್ವಯಿಸುತ್ತದೆ.

ಬೆಂಗಳೂರಿನ ಕೃಷ್ಣರಾಜೇಂದ್ರ ಮಾರುಕಟ್ಟೆಯ ಹೂವಿನ ಅಂಗಳವನ್ನು ಇಲ್ಲಿ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಬೆಳಗಿನ ಜಾವದ ವ್ಯಾಪಾರದ ಗದ್ದಲವನ್ನು ಮಹಡಿಯ ಮೇಲಿನಿಂದ ಸೆರೆಹಿಡಿಯಲು ಬರುವ ಹವ್ಯಾಸಿಗಳು ಚೆಂಡು ಹೂವಿನ ಕಿತ್ತಳೆ ರಾಶಿಗೆ ಮನಸೋತು ಅದರ ಮೂರು ಚಿತ್ರಗಳನ್ನು ಒಂದೇ ಸಾಲಿಗೆ ಏರಿಸಿದರೆ, ಮೊದಲನೆಯದರ ಬೆರಗನ್ನು ಎರಡನೆಯದು ಕದಿಯುತ್ತದೆ, ಮೂರನೆಯದನ್ನು ಕಣ್ಣು ನೋಡದೆಯೇ ದಾಟುತ್ತದೆ. ಅದರ ಬದಲು ರಾಶಿಯ ಒಂದೇ ಚಿತ್ರವನ್ನು ಉಳಿಸಿಕೊಂಡು, ಅದರ ಬಲಕ್ಕೆ ನೀಲಿ ಟಾರ್ಪಾಲಿನ್ನಿನ ಅಡಿಯಲ್ಲಿ ಮೂಟೆ ಬಿಚ್ಚುತ್ತಿರುವ ವ್ಯಾಪಾರಿಯನ್ನೂ, ಕೆಳಗೆ ಬಾಳೆನಾರಿನಲ್ಲಿ ಕನಕಾಂಬರ ಕಟ್ಟುತ್ತಿರುವ ಎರಡು ಕೈಗಳ ಸಮೀಪನೋಟವನ್ನೂ, ಇವುಗಳ ನಡುವೆ ಒಂದೆಡೆ ಒದ್ದೆ ನೆಲದ ಮೇಲಿರುವ ಖಾಲಿ ತಕ್ಕಡಿಯನ್ನೂ ಇರಿಸಿದರೆ, ನೀಲಿಯ ಮಗ್ಗುಲಲ್ಲಿ ಕಿತ್ತಳೆ ಇನ್ನಷ್ಟು ಉರಿಯುತ್ತದೆ, ದೂರದ ನೋಟಕ್ಕೂ ಹತ್ತಿರದ ನೋಟಕ್ಕೂ ಅಂತರ ಒದಗುತ್ತದೆ, ತಕ್ಕಡಿಯ ಚಿತ್ರದಲ್ಲಿ ಕಣ್ಣು ಕೊಂಚ ಸುಧಾರಿಸಿಕೊಳ್ಳುತ್ತದೆ. ಬಿಡಿಯಾಗಿ ನಿಲ್ಲಬಲ್ಲದಾದರೂ ಹೆಚ್ಚು ಮೆಚ್ಚುಗೆ ಗಳಿಸದ ಆ ತಕ್ಕಡಿ ಗ್ರಿಡ್ಡಿನಲ್ಲಿ ಅನಿವಾರ್ಯವೆನಿಸುವುದು ಹೀಗೆ. ಹೆಚ್ಚಿನ ಫೀಡುಗಳು ಗಿಜಿಗುಡುವುದಕ್ಕೆ ಮುಖ್ಯ ಕಾರಣ, ಅಂಥ ಮೌನದ ಚಿತ್ರಗಳನ್ನು ತೆಗೆಯಲು ಯಾರೂ ಮನಸ್ಸು ಮಾಡದಿರುವುದು.

ವೈವಿಧ್ಯಕ್ಕೆ ಇಷ್ಟು ಬೆಲೆಯಿದ್ದರೂ ಎಲ್ಲವೂ ಬದಲಾಗುತ್ತ ಹೋದರೆ ಒಟ್ಟಂದ ಉಳಿಯುವುದಿಲ್ಲ. ಏನಾದರೊಂದು ಸ್ಥಿರವಾಗಿ ನಿಲ್ಲಬೇಕು. ಇದನ್ನು ಅತ್ಯಂತ ಕಟ್ಟುನಿಟ್ಟಾಗಿ ಪಾಲಿಸಿದವರು ಜರ್ಮನಿಯ ದಂಪತಿಗಳಾದ ಬರ್ನ್ಡ್ ಮತ್ತು ಹಿಲ್ಲಾ ಬೆಷರ್. 1959ರಿಂದ ಜೊತೆಯಾಗಿ ಕೆಲಸ ಮಾಡಿದ ಅವರು ನೀರಿನ ಗೋಪುರ, ಅನಿಲ ಸಂಗ್ರಹಾಗಾರ, ಊದುಕುಲುಮೆಗಳಂಥ ಕೈಗಾರಿಕಾ ರಚನೆಗಳನ್ನು ಮೋಡ ಕವಿದ ದಿನದ ಸಮಬೆಳಕಿನಲ್ಲಿ, ಒಂದೇ ಬಗೆಯ ಎದುರುನೋಟದಲ್ಲಿ, ಕಪ್ಪುಬಿಳುಪಿನಲ್ಲಿ ಸೆರೆಹಿಡಿದು, ಒಂಬತ್ತು, ಹನ್ನೆರಡು, ಹದಿನೈದರ ಚೌಕಳಿಗಳಾಗಿ ಗೋಡೆಗೆ ಏರಿಸುತ್ತಿದ್ದರು. ಬೆಳಕು, ಕೋನ, ಚೌಕಟ್ಟು ಇವು ಮೂರೂ ಸ್ಥಿರವಾಗಿದ್ದುದರಿಂದಲೇ ಒಂದು ಗೋಪುರಕ್ಕೂ ಮತ್ತೊಂದಕ್ಕೂ ಇರುವ ಸೂಕ್ಷ್ಮ ವ್ಯತ್ಯಾಸ ನೋಡುಗರಿಗೆ ಎದ್ದು ಕಾಣುತ್ತಿತ್ತು. 1990ರ ವೆನಿಸ್ ಬಿನಾಲೆ ಎಂಬ ಕಲಾಪ್ರದರ್ಶನದಲ್ಲಿ ಈ ಛಾಯಾಚಿತ್ರಗಳಿಗೆ ಶಿಲ್ಪವಿಭಾಗದ ಗೌರವವೇ ಸಂದಿತು. ಮನೆಮಂದಿಯ ಹಬ್ಬ, ಊಟ, ಪ್ರವಾಸಗಳನ್ನು ಹಂಚಿಕೊಳ್ಳುವ ಸಾಮಾನ್ಯ ಖಾತೆಗೆ ಇಷ್ಟು ವ್ರತನಿಷ್ಠೆ ಬೇಕಿಲ್ಲವಾದರೂ, ಬೆಳಕು, ಬಣ್ಣ, ದೂರ ಈ ಮೂರರಲ್ಲಿ ಒಂದನ್ನಾದರೂ ಹಿಡಿದಿಟ್ಟುಕೊಂಡ ಫೀಡಿಗೆ ತನ್ನದೇ ಆದ ಚಹರೆ ಬರುತ್ತದೆ. ಬಣ್ಣವನ್ನೇ ತ್ಯಜಿಸುವುದೂ ಒಂದು ದಾರಿ. ಕರ್ನಾಟಕದ ಹಣಕಾಸು ಸಚಿವರೂ ಆಗಿದ್ದ ಸಂಡೂರಿನ ಎಂ.ವೈ. ಘೋರ್ಪಡೆಯವರು ವನ್ಯಜೀವಿ ಛಾಯಾಗ್ರಹಣದಲ್ಲಿ ಹೆಸರಾದದ್ದು ಕಪ್ಪುಬಿಳುಪಿನಿಂದಲೇ.

ಬೆಳಕು, ಬಣ್ಣ, ದೂರಗಳಲ್ಲಿ ಬೆಳಕನ್ನು ಹಿಡಿದಿಡುವುದು ಹೆಚ್ಚು ಫಲಕೊಡುವ ದಾರಿ. ಬೆಳಕಿನ ಬಣ್ಣವನ್ನು ಕೆಲ್ವಿನ್ ಎಂಬ ಮಾನದಲ್ಲಿ ಅಳೆಯುತ್ತಾರೆ: ಹಳೆಯ ಬಲ್ಬಿನ ಹಳದಿ ಬೆಳಕು ಸುಮಾರು 2700 ಕೆಲ್ವಿನ್ ಇದ್ದರೆ, ನಡುಹಗಲಿನ ಬಿಸಿಲು ಸುಮಾರು 5500 ಕೆಲ್ವಿನ್ ಇರುತ್ತದೆ. ಬೆಳಕು ಯಾವುದೇ ಇರಲಿ, ಬಿಳಿ ವಸ್ತು ಬಿಳಿಯಾಗಿಯೇ ಕಾಣುವಂತೆ ಕ್ಯಾಮೆರಾ ಮಾಡಿಕೊಳ್ಳುವ ಹೊಂದಾಣಿಕೆಗೆ ವೈಟ್ ಬ್ಯಾಲೆನ್ಸ್ ಎಂದು ಹೆಸರು. ಕಿಟಕಿಯ ಬೆಳಕೂ ಬಲ್ಬಿನ ಹಳದಿ ಬೆಳಕೂ ಒಂದೇ ಕೋಣೆಯಲ್ಲಿ ಬೆರೆತಾಗ ಈ ಹೊಂದಾಣಿಕೆ ದಾರಿತಪ್ಪಿ, ತಟ್ಟೆಯ ಅನ್ನ ಒಂದು ಮಗ್ಗುಲಲ್ಲಿ ನೀಲಿಯಾಗಿಯೂ ಇನ್ನೊಂದರಲ್ಲಿ ಹಳದಿಯಾಗಿಯೂ ಮೂಡುತ್ತದೆ. ದೀಪ ಆರಿಸಿ ತಟ್ಟೆಯನ್ನು ಕಿಟಕಿಯ ಬಳಿಗೆ ಒಯ್ದರೆ ಯಾವ ಆ್ಯಪಿನ ನೆರವೂ ಇಲ್ಲದೆ ತೊಂದರೆ ತೀರುತ್ತದೆ. ಹೊರಾಂಗಣದಲ್ಲಿ ಹೊತ್ತಿನ ಆಯ್ಕೆಯೇ ಮುಖ್ಯ. ಹಂಪಿಯ ಬಂಡೆಗಳು ಮಧ್ಯಾಹ್ನದ ನೆತ್ತಿಬಿಸಿಲಿನಲ್ಲಿ ಬಿಳಿಚಿಕೊಂಡು, ಮಂಟಪಗಳ ಒಳಗೆ ನೆರಳು ಮಸಿಯಂತೆ ಕಟ್ಟಿಕೊಂಡಿದ್ದರೆ, ಸೂರ್ಯಾಸ್ತಕ್ಕೆ ಮುನ್ನ ಹೇಮಕೂಟದ ಮೇಲಿನಿಂದ ನೋಡುವಾಗ ಅವೇ ಬಂಡೆಗಳು ಓರೆಬಿಸಿಲಿಗೆ ಹೊನ್ನಿನ ಬಣ್ಣ ತಾಳಿ, ಒಂದೊಂದರ ದುಂಡು ಆಕಾರವೂ ಬಿಡಿಸಿಟ್ಟಂತೆ ಕಾಣುತ್ತದೆ. ಛಾಯಾಗ್ರಾಹಕರು ಗೋಲ್ಡನ್ ಅವರ್ ಎಂದು ಕರೆಯುವ ಈ ಹೊತ್ತಿನ ಮೂರು ಚಿತ್ರಗಳು ಮಧ್ಯಾಹ್ನದ ಮೂವತ್ತಕ್ಕೆ ಸಮ.

ಬೆಳಕು ಸರಿಯಿಲ್ಲದಾಗ ಫಿಲ್ಟರು ನೆನಪಿಗೆ ಬರುತ್ತದೆ. 2010ರ ಅಕ್ಟೋಬರಿನಲ್ಲಿ ಇನ್‌ಸ್ಟಾಗ್ರಾಂ ಆರಂಭವಾದಾಗ ಫೋನಿನ ಕ್ಯಾಮೆರಾಗಳು ದುರ್ಬಲವಾಗಿದ್ದುದರಿಂದ, ಹಳೆಯ ಫಿಲ್ಮಿನ ಬಣ್ಣವನ್ನು ಅನುಕರಿಸುವ ಫಿಲ್ಟರುಗಳು ಚಿತ್ರದ ಕೊರತೆಯನ್ನು ಮರೆಮಾಚುವ ಉಪಾಯವೂ ಆಗಿದ್ದವು. ಇಂದಿನ ಫೋನುಗಳಿಗೆ ಆ ಮರೆ ಬೇಕಿಲ್ಲ. ಈಗ ಅವುಗಳ ಜಾಗಕ್ಕೆ ಪ್ರಿಸೆಟ್ಟುಗಳು, ಅಂದರೆ ಹೊಳಪು, ಬಣ್ಣ, ನೆರಳುಗಳ ತಿದ್ದುಪಡಿಯನ್ನು ಮೊದಲೇ ನಿಗದಿಪಡಿಸಿಟ್ಟ ಸಿದ್ಧ ಸೂತ್ರಗಳು ಬಂದಿವೆ. ಪ್ರವಾಸಿ ಖಾತೆಗಳಲ್ಲಿ ಜನಪ್ರಿಯವಾದ ಒಂದು ಬಗೆಯ ಪ್ರಿಸೆಟ್ ಹಸಿರಿನ ಸತ್ತ್ವವನ್ನೆಲ್ಲ ಹೀರಿ, ಉಳಿದ ಬಣ್ಣಗಳನ್ನು ಕಂದು-ಕಿತ್ತಳೆಯ ಕಡೆಗೆ ಎಳೆಯುತ್ತದೆ. ಆಷಾಢದ ಮಳೆಯಲ್ಲಿ ತೊಯ್ದ ಮಲೆನಾಡಿನ ಅಡಿಕೆ ತೋಟಕ್ಕೆ ಅದನ್ನು ಹಚ್ಚಿದರೆ ತೋಟಕ್ಕೆ ರೋಗ ಬಡಿದಂತೆ ಕಾಣುತ್ತದೆ, ಅಲ್ಲಿ ನಿಂತ ಗೋಧಿಬಣ್ಣದ ಮುಖಕ್ಕೆ ಹಚ್ಚಿದರೆ ಅದು ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತದೆ. ತಿದ್ದುವುದಿದ್ದರೆ ಎಕ್ಸ್‌ಪೋಷರ್, ಅಂದರೆ ಚಿತ್ರದ ಒಟ್ಟು ಬೆಳಕಿನ ಪ್ರಮಾಣ, ಮತ್ತು ವೈಟ್ ಬ್ಯಾಲೆನ್ಸ್, ಇವೆರಡನ್ನು ತಿದ್ದಿ, ಓರೆಯಾದ ಕ್ಷಿತಿಜರೇಖೆಯನ್ನು ನೆಟ್ಟಗೆ ಮಾಡಿದರೆ ಬಹುಪಾಲು ಚಿತ್ರಗಳಿಗೆ ಅಷ್ಟೇ ಸಾಕು. ಬಣ್ಣದ ತೀವ್ರತೆಯನ್ನು ಏರಿಸುವ ಸ್ಯಾಚುರೇಷನ್ ಪಟ್ಟಿಯ ತಂಟೆಗೆ ಹೋಗದಿರುವುದೇ ಲೇಸು.

ತಿದ್ದುವುದಕ್ಕಿಂತ ದೊಡ್ಡ ಕೆಲಸ ಕೈಬಿಡುವುದು. ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದ ಛಾಯಾಗ್ರಾಹಕ ರಾಬರ್ಟ್ ಫ್ರಾಂಕ್ 1955-56ರಲ್ಲಿ ಅಮೆರಿಕವನ್ನು ಸುತ್ತಿ ಇಪ್ಪತ್ತೇಳು ಸಾವಿರಕ್ಕೂ ಮಿಕ್ಕಿದ ಚಿತ್ರಗಳನ್ನು ತೆಗೆದರೂ, 1958ರಲ್ಲಿ ಪ್ಯಾರಿಸ್ಸಿನಲ್ಲಿ ಮೊದಲು ಪ್ರಕಟವಾದ ‘ದಿ ಅಮೆರಿಕನ್ಸ್’ ಪುಸ್ತಕಕ್ಕೆ ಆರಿಸಿದ್ದು 83ನ್ನು ಮಾತ್ರ. ಆ ಪುಸ್ತಕದ ಕೀರ್ತಿಯಲ್ಲಿ ಆಯ್ಕೆ ಮತ್ತು ಅನುಕ್ರಮದ ಪಾಲು ಕ್ಲಿಕ್ಕಿಸಿದ ಕೈಯ ಪಾಲಿಗಿಂತ ಕಡಿಮೆಯೇನಲ್ಲ. ಒಂದೇ ಸಂದರ್ಭದ ಹಲವು ಚಿತ್ರಗಳನ್ನು ತೋರಿಸಲೇಬೇಕೆನ್ನುವವರಿಗೆ ಅವನ್ನೆಲ್ಲ ಒಂದೇ ಪೋಸ್ಟಿನೊಳಗೆ ಪೋಣಿಸುವ ಸೌಲಭ್ಯ 2017ರಿಂದ ಇದೆ, ಅದರ ಮಿತಿ 2024ರಲ್ಲಿ ಹತ್ತರಿಂದ ಇಪ್ಪತ್ತಕ್ಕೆ ಏರಿದೆ. ಗ್ರಿಡ್ಡಿನಲ್ಲಿ ಕಾಣುವುದು ಮೊದಲನೆಯದು ಮಾತ್ರವಾದ್ದರಿಂದ ಮುಖಚಿತ್ರದ ಆಯ್ಕೆಯಲ್ಲಷ್ಟೇ ಎಚ್ಚರ ಸಾಕು. ಹಳೆಯ ಚಿತ್ರವನ್ನು ಅಳಿಸಲು ಮನಸ್ಸು ಬಾರದವರು ಅದನ್ನು ಆರ್ಕೈವ್‌ಗೆ, ಅಂದರೆ ಖಾತೆದಾರರಿಗೆ ಮಾತ್ರ ಕಾಣುವ ಭಂಡಾರಕ್ಕೆ, ಸರಿಸಿಡಬಹುದು.

ಇನ್ನು ಗ್ರಿಡ್ಡಿನ ಚಮತ್ಕಾರಗಳ ಮಾತು. ಹೊಸ ಚಿತ್ರವೊಂದು ಎಡಮೇಲಿನ ಮೂಲೆಗೆ ಬಂದಾಗ ಉಳಿದವೆಲ್ಲ ಒಂದೊಂದು ಮನೆ ಮುಂದೆ ಸರಿಯುತ್ತವೆ. ಆದ್ದರಿಂದ ನಡುವಿನ ಕಂಬಸಾಲಿನಲ್ಲಿ ಬರಹದ ಪಟ್ಟಿಗಳನ್ನೇ ನಿಲ್ಲಿಸಬೇಕೆನ್ನುವವರು ಪ್ರತಿಸಲವೂ ಮೂರು ಮೂರು ಚಿತ್ರಗಳನ್ನು ಏರಿಸಬೇಕಾಗುತ್ತದೆ. ತಿಳಿ ಮತ್ತು ಗಾಢ ಚಿತ್ರಗಳನ್ನು ಒಂದು ಬಿಟ್ಟು ಒಂದು ಏರಿಸುವ ಚದುರಂಗದ ವಿನ್ಯಾಸಕ್ಕೆ ಮಾತ್ರ ಈ ಕಾಟವಿಲ್ಲ, ಏಕೆಂದರೆ ಸಾಲಿನಲ್ಲಿ ಮನೆಗಳು ಬೆಸಸಂಖ್ಯೆಯಲ್ಲಿರುವುದರಿಂದ ಎಷ್ಟು ಸರಿದರೂ ಅದು ಚದುರಂಗವಾಗಿಯೇ ಉಳಿಯುತ್ತದೆ. ಒಂದು ದೊಡ್ಡ ಚಿತ್ರವನ್ನು ಒಂಬತ್ತು ತುಂಡು ಮಾಡಿ ಏರಿಸುವ ಪದ್ಧತಿಯಂತೂ ಅಭಿರುಚಿಯ ದೃಷ್ಟಿಯಿಂದ ತೀರ ಕೆಳಮಟ್ಟದ್ದು: ಅನುಯಾಯಿಗಳ ಫೀಡಿನಲ್ಲಿ ಚಿತ್ರಗಳು ಒಂದೊಂದಾಗಿ ಬರುವುದರಿಂದ ಅವರಿಗೆ ದಕ್ಕುವುದು ಒಂದು ಕಿವಿ, ಅರ್ಧ ಆಕಾಶ, ಒಂದು ತುಂಡು ಗೋಡೆ. ಮೇಲಾಗಿ, ಈ ಚೌಕಳಿಯ ಆಕಾರವೇ ಶಾಶ್ವತವಲ್ಲ. 2025ರ ಜನವರಿಯಲ್ಲಿ ಕಂಪನಿಯು ಗ್ರಿಡ್ಡಿನ ಚೌಕ ಮನೆಗಳನ್ನು ಅಗಲಕ್ಕಿಂತ ಎತ್ತರ ಹೆಚ್ಚಿರುವ ಮೂರಕ್ಕೆ ನಾಲ್ಕರ ಆಯಗಳಾಗಿ ಬದಲಿಸಿದಾಗ, ಚೌಕ ಚಿತ್ರಗಳ ಅಗಲದಲ್ಲಿ ಕಾಲು ಭಾಗ ಕಿರುನೋಟದಿಂದ ಕತ್ತರಿಸಿಹೋಗಿ, ಅಂಚಿನಿಂದ ಅಂಚಿಗೆ ಜೋಡಿಸಿದ್ದ ವಿನ್ಯಾಸಗಳು ಕೆಟ್ಟವು. ಮುಖ್ಯ ವಸ್ತುವನ್ನು ಅಂಚಿನಿಂದ ದೂರವಿಟ್ಟು ತೆಗೆದವರಿಗೆ ಹಾನಿಯಾಗಲಿಲ್ಲ.

ಫೀಡಿನ ಅಂದವನ್ನು ಹೆಚ್ಚಿಸಬಯಸುವ ಓದುಗರು ಹೊಸ ಆ್ಯಪನ್ನು ಹುಡುಕುವ ಮೊದಲು ಒಂದು ಸುಲಭ ಪರೀಕ್ಷೆ ಮಾಡಿಕೊಳ್ಳಬಹುದು: ತಮ್ಮ ಗ್ರಿಡ್ಡಿನ ಸ್ಕ್ರೀನ್‌ಶಾಟ್ ತೆಗೆದು, ಅದನ್ನು ಕಪ್ಪುಬಿಳುಪಿಗೆ ತಿರುಗಿಸಿ, ಫೋನನ್ನು ಕೈಯಳತೆಯ ದೂರದಲ್ಲಿ ಹಿಡಿದು ನೋಡಬೇಕು. ಎಲ್ಲವೂ ಒಂದೇ ಬೂದುಬಣ್ಣಕ್ಕೆ ಕಲಸಿಹೋಗಿದ್ದರೆ ತಿಳಿ ಮತ್ತು ಗಾಢ ಚಿತ್ರಗಳ ಅಂತರ ಸಾಲದೆಂದೂ, ಯಾವುದಾದರೊಂದು ಮನೆ ಉಳಿದೆಲ್ಲವನ್ನೂ ನುಂಗುತ್ತಿದ್ದರೆ ಅದನ್ನು ಅಲ್ಲಿಂದ ಎಬ್ಬಿಸಬೇಕೆಂದೂ ತಿಳಿಯುತ್ತದೆ. ಆದರೆ ಬಂದುಹೋಗುವ ಹೊಸಬರು ಮಾತ್ರ ಗ್ರಿಡ್ಡನ್ನು ನೋಡುತ್ತಾರೆ, ನಿತ್ಯದ ಬಳಗ ನೋಡುವುದು ಒಂದು ಸಲಕ್ಕೆ ಒಂದೇ ಚಿತ್ರವನ್ನು ಎಂಬುದು ನೆನಪಿರಲಿ. ತಾನೊಂದೇ ನಿಲ್ಲಲಾರದ ಚಿತ್ರವನ್ನು ಸಾಲಿನ ಅಂದಕ್ಕಾಗಿ ಏರಿಸಬೇಡಿ. ನಿಲ್ಲಬಲ್ಲ ಚಿತ್ರಕ್ಕೆ ಒಳ್ಳೆಯ ನೆರೆಯನ್ನು ಹುಡುಕಿಕೊಡಿ.