ಬೈಸಿಕೊಂಡವನ ಇಂಗ್ಲಿಷು

ಪ್ರಬಂಧದಲ್ಲಿ ‘ಗೆಟ್’ ಕಂಡರೆ ಕೆಂಪು ಗೀಟು ಎಳೆಯುವ ಮೇಷ್ಟ್ರುಗಳು ಇಂಗ್ಲೆಂಡಿನಲ್ಲೂ ಇದ್ದರು, ನಮ್ಮಲ್ಲೂ ಇದ್ದಾರೆ. ‘ರಿಸೀವ್’, ‘ಅಬ್ಟೇನ್’, ‘ಬಿಕಮ್’ ಎಂದರೆ ಮರ್ಯಾದೆ, ‘ಗೆಟ್’ ಎಂದರೆ ಸೋಮಾರಿತನ ಎಂಬುದು ಅವರ ತೀರ್ಪು. ನಾನು ಅದನ್ನು ಒಪ್ಪುವುದಿಲ್ಲ. ಇಂಗ್ಲಿಷರು ಮನೆಯಲ್ಲಿ ಹೇಗೆ ಮಾತಾಡುತ್ತಾರೆಂದು ತಿಳಿಯಬೇಕಾದರೆ ಈ ಪುಟ್ಟ ಕ್ರಿಯಾಪದವನ್ನೇ ಹಿಡಿದು ಕೂರಬೇಕು.

ಇದು ವೈಕಿಂಗರ ಜೊತೆ ಬಂದ ಪದ. 8ನೇ ಶತಮಾನದ ಕೊನೆಯಿಂದ ಲೂಟಿಗೆಂದು ಬರತೊಡಗಿದ ಅವರು ಆಮೇಲೆ ಇಂಗ್ಲೆಂಡಿನ ಉತ್ತರ, ಪೂರ್ವ ಭಾಗಗಳಲ್ಲಿ ಬೇರುಬಿಟ್ಟರು. ಹಳೆಯ ಇಂಗ್ಲಿಷಿನಲ್ಲಿ ಇದರ ದಾಯಾದಿ ಪದ ಇತ್ತು. ಆದರೆ ಅದು ‘ಫರ್ಗೆಟ್’ನಂಥ ಪದಗಳೊಳಗೆ ಅಡಗಿತ್ತು, ಗಕಾರವೂ ಅಲ್ಲಿ ಯಕಾರದಂತೆ ನುಡಿಯುತ್ತಿತ್ತು. ‘ಗಿವ್’ ಪದದ ಕಥೆಯೂ ಇದೇ. 14ನೇ ಶತಮಾನದ ಚಾಸರ್ ಕವಿ ಅದನ್ನು ಯಕಾರದಿಂದಲೇ ಬರೆದ. ಇಂದಿನ ಗಟ್ಟಿ ಗಕಾರ ವೈಕಿಂಗರ ಬಾಯಿಯದು.

ಈಗ ನನಗೆ ತುಂಬ ಇಷ್ಟವಾದ ಬಳಕೆಗೆ ಬರುತ್ತೇನೆ. ‘ಮೇಷ್ಟ್ರ ಹತ್ತಿರ ಬೈಸಿಕೊಂಡ’ ಎನ್ನುತ್ತೇವೆ. ‘ಬೈಯಲ್ಪಟ್ಟ’ ಎಂದು ಯಾವ ಹುಡುಗನೂ ಹೇಳುವುದಿಲ್ಲ. ಆದರೂ ಶಾಲೆಯಲ್ಲಿ ನಾವು ಕಲಿತದ್ದು ‘ಹಿ ವಾಸ್ ಸ್ಕೋಲ್ಡೆಡ್’. ಅದು ಬರೀ ವರದಿ. ‘ಹಿ ಗಾಟ್ ಸ್ಕೋಲ್ಡೆಡ್’ ಎನ್ನಿ, ಬೈಗುಳ ಹುಡುಗನಿಗೆ ತಾಗಿದ್ದು ಕಾಣುತ್ತದೆ. ಅವನೇ ಏನೋ ಕಿತಾಪತಿ ಮಾಡಿ ಮೈಮೇಲೆ ಎಳೆದುಕೊಂಡಿರಬೇಕು ಎಂಬ ಸುಳಿವೂ ಅದರಲ್ಲಿ ಇರಬಹುದು. ಕನ್ನಡದಲ್ಲಿ ಆ ಕೆಲಸವನ್ನು ‘ಕೊಳ್ಳು’ ಮಾಡುತ್ತದೆ. ‘ಕೊಳ್ಳು’ ಎಂದರೂ ಮೂಲದಲ್ಲಿ ತೆಗೆದುಕೋ, ಪಡೆ ಎಂದೇ ಅರ್ಥ. ನಂಟೇ ಇಲ್ಲದ ಎರಡು ಭಾಷೆಗಳು, ಪಡೆಯುವ ಕ್ರಿಯಾಪದವೊಂದನ್ನು ತಂದು ಒಂದೇ ದುಡಿಮೆಗೆ ಹಚ್ಚಿವೆ. ‘ಕಟಿಂಗ್ ಮಾಡಿಸಿಕೊಂಡೆ’ ಎಂಬುದಕ್ಕೂ ಸರಿಯಾದ ಇಂಗ್ಲಿಷ್ ಇಲ್ಲೇ ಸಿಗುತ್ತದೆ: ‘ಐ ಗಾಟ್ ಮೈ ಹೇರ್ ಕಟ್’. ನಮ್ಮಲ್ಲಿ ಕೆಲವರು ‘ಐ ಕಟ್ ಮೈ ಹೇರ್’ ಅಂದುಬಿಡುತ್ತಾರೆ, ಲಂಡನ್ನಿನವರಿಗೆ ಅದು ತಾವೇ ಕತ್ತರಿ ಹಿಡಿದಂತೆ ಕೇಳುತ್ತದೆ. ಕರ್ಮಣಿ ಪ್ರಯೋಗ ಕಲಿಸುವಾಗಲೇ ಮಕ್ಕಳಿಗೆ ಈ ‘ಗಾಟ್’ ಕಲಿಸಿದರೆ ಎಷ್ಟು ಚೆನ್ನ!

ಈ ‘ಗಾಟ್’ ಬದಲು ಕೆಲವೆಡೆ ಅಮೆರಿಕದವರು ‘ಗಾಟನ್’ ಅನ್ನುವುದು ತಪ್ಪಲ್ಲ. ಅದು ಹಳೆಯ ರೂಪ, ಬ್ರಿಟನ್ನಿನಲ್ಲಿ ಹೆಚ್ಚುಕಡಿಮೆ ಬಿಟ್ಟುಹೋಯಿತು, ಅಮೆರಿಕದಲ್ಲಿ ಉಳಿಯಿತು. ಅಮೆರಿಕದವರು ಕಾರಿನ ಬಗ್ಗೆ ‘ಹ್ಯಾವ್ ಗಾಟ್’ ಎಂದರೆ ಕಾರು ಇದೆ ಎಂದು, ‘ಹ್ಯಾವ್ ಗಾಟನ್’ ಎಂದರೆ ಬಂತು, ದಕ್ಕಿತು ಎಂದು.

ಇನ್ನೊಂದು ಸೂಕ್ಷ್ಮಕ್ಕೂ ಕಿವಿಗೊಡಿ. ‘ಐ ಗಾಟ್ ಟು ಸೀ ಹಿಮ್’ ಎಂದರೆ ಅವರನ್ನು ನೋಡುವ ಭಾಗ್ಯ ಸಿಕ್ಕಿತು. ‘ಐ ಹ್ಯಾವ್ ಗಾಟ್ ಟು ಸೀ ಹಿಮ್’ ಎಂದರೆ ನೋಡಲೇಬೇಕು, ಬೇರೆ ದಾರಿಯಿಲ್ಲ. ಆಡುಮಾತಿನಲ್ಲಿ ಆ ‘ಹ್ಯಾವ್’ ಎಷ್ಟೋ ಸಲ ಬಿದ್ದುಹೋಗುತ್ತದೆ. ಆಗ ಭಾಗ್ಯವೋ ಬಲವಂತವೋ ಎಂಬುದನ್ನು ಮಾತಿನ ಸಂದರ್ಭದಿಂದಲೇ ಹಿಡಿಯಬೇಕು.