ಅಟ್ಟಹಾಸವೂ ನಗೆಯೂ: ಜಪಾನಿನ ಒಂದು ದೈತ್ಯಚಿತ್ರವನ್ನು ಕುರಿತ ಪ್ರೇಕ್ಷಕಾಭಿಪ್ರಾಯಗಳ ವಿಮರ್ಶೆ

ಶಾಸನ, ಕಡತ, ಪ್ರವಾಸಕಥನಗಳನ್ನು ಆಧಾರವೆಂದು ಒಪ್ಪುವ ಇತಿಹಾಸದ ಅಭ್ಯಾಸಿಯು, ಚಲನಚಿತ್ರವೊಂದನ್ನು ನೋಡಿ ಹೊರಬಂದವರ ಮಾತನ್ನು ಆಧಾರವೆಂದು ಎಣಿಸುವುದು ವಿರಳ. ಆದರೆ ಒಂದು ಕಾಲದ ಜನ ಯಾವುದಕ್ಕೆ ಅಂಜಿದರು, ಯಾವುದನ್ನು ಕಂಡು ನಕ್ಕರು ಎಂಬುದನ್ನು ತಿಳಿಯಲು ಇಂತಹ ಮಾತುಗಳಿಗಿಂತ ಹತ್ತಿರದ ಸಾಕ್ಷ್ಯ ದುರ್ಲಭ. ಸಾಕ್ಷ್ಯವೆಂದ ಮೇಲೆ ಅದನ್ನು ಒರೆಗೆ ಹಚ್ಚಬೇಕಾದುದು ನಮ್ಮ ಶಾಸ್ತ್ರದ ಧರ್ಮ. 1962ರಲ್ಲಿ ಜಪಾನಿನ ಟೋಹೋ ಸಂಸ್ಥೆ ತನ್ನ ಮೂವತ್ತನೆಯ ವರ್ಷದ ಸಂದರ್ಭದಲ್ಲಿ ತೆರೆಗೆ ತಂದ ‘ಕಿಂಗ್ ಕಾಂಗ್ ಮತ್ತು ಗಾಡ್ಜಿಲಾ’ ಚಿತ್ರವನ್ನು ಕುರಿತ ಅಭಿಪ್ರಾಯಗಳನ್ನು ಈ ದೃಷ್ಟಿಯಿಂದ ಪರಾಮರ್ಶಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಚಿತ್ರದ ಪೂರ್ವೇತಿಹಾಸವನ್ನು ಸಂಕ್ಷೇಪವಾಗಿ ಹೇಳಬೇಕು. 1954ರ ಮಾರ್ಚ್ 1ರಂದು ಅಮೆರಿಕವು ಬಿಕಿನಿ ದ್ವೀಪವಲಯದಲ್ಲಿ ನಡೆಸಿದ ಜಲಜನಕ ಬಾಂಬಿನ ಪರೀಕ್ಷೆಯ ವಿಷಧೂಳಿಗೆ ಜಪಾನಿನ ಮೀನುದೋಣಿಯೊಂದರ 23 ಮಂದಿ ತುತ್ತಾದರು. ಅದೇ ವರ್ಷದ ನವೆಂಬರಿನಲ್ಲಿ ಇಷಿರೋ ಹೋಂಡಾರ ನಿರ್ದೇಶನದಲ್ಲಿ ಮೊದಲ ಗಾಡ್ಜಿಲಾ ಬಂದಿತು. ಅದು ಶೋಕದ ಚಿತ್ರ. ಉರಿಯುವ ನಗರ, ಆಸ್ಪತ್ರೆಯ ಮಕ್ಕಳು, ಪರಮಾಣು ಭೀತಿ ಅದರ ವಸ್ತು. ಎಂಟು ವರ್ಷಗಳ ಅನಂತರ ಅದೇ ನಿರ್ದೇಶಕರು ಅದೇ ದೈತ್ಯನನ್ನು ವರ್ಣಚಿತ್ರದಲ್ಲಿ ತಂದಾಗ ಅದು ಪ್ರಹಸನವಾಗಿ ಮಾರ್ಪಟ್ಟಿತ್ತು. ಔಷಧ ಕಂಪನಿಯೊಂದರ ಅಧಿಕಾರಿಯು ತಾನು ಪ್ರಾಯೋಜಿಸಿದ ದೂರದರ್ಶನ ಕಾರ್ಯಕ್ರಮಕ್ಕೆ ಪ್ರೇಕ್ಷಕರು ಸಾಲರೆಂದು ಕೊರಗಿ, ಜಾಹೀರಾತಿಗಾಗಿ ದೂರದ ದ್ವೀಪದಿಂದ ದೈತ್ಯ ಕಪಿಯನ್ನು ತರಿಸುತ್ತಾನೆ. ಷಿನಿಚಿ ಸೆಕಿಜಾವಾ ಬರೆದ ಈ ಕಥೆಯಲ್ಲಿ ಅಣಕವು ಉದ್ದೇಶಪೂರ್ವಕವಾದುದು. ಜಪಾನಿನಲ್ಲಿ ಇದನ್ನು ನೋಡಿದವರ ಸಂಖ್ಯೆ ಒಂದು ಕೋಟಿಯನ್ನು ಮೀರಿತು.

ಈ ಚಿತ್ರವನ್ನು ಕುರಿತ ಅಭಿಪ್ರಾಯಗಳನ್ನು ಮೂರು ವರ್ಗಗಳಾಗಿ ವಿಂಗಡಿಸಬಹುದು.

ಮೊದಲನೆಯದು ತಿರಸ್ಕಾರ. ರಬ್ಬರಿನ ವೇಷ ತೊಟ್ಟ ಇಬ್ಬರು ಮನುಷ್ಯರು ರಟ್ಟಿನ ಮನೆಗಳ ನಡುವೆ ಕುಸ್ತಿಯಾಡುತ್ತಾರೆ, ಇದರಲ್ಲೇನಿದೆ ಎಂಬುದು ಅದರ ಸಾರ. ಕಾಂಗನ ವೇಷ ಕಳಪೆಯೆಂಬುದನ್ನು ಒಪ್ಪಬೇಕು. ಅದರ ಮುಖದಲ್ಲಿ ಭಾವವಿಲ್ಲ, ತೋಳುಗಳಲ್ಲಿ ಜೀವವಿಲ್ಲ. ಆದರೆ ವೇಷವೆಂದು ಗೊತ್ತಾಗುವುದೇ ದೋಷವೆಂಬ ವಾದವನ್ನು ಒಪ್ಪಲಾಗದು. ತೆಂಕುತಿಟ್ಟಿನ ಯಕ್ಷಗಾನದಲ್ಲಿ ಅಕ್ಕಿಹಿಟ್ಟಿನ ಚಿಟ್ಟಿಯಿಟ್ಟ ಬಣ್ಣದ ವೇಷವು ದೊಂದಿಯ ಬೆಳಕಿನಲ್ಲಿ ಅಬ್ಬರಿಸಿ ಬರುವಾಗ, ಅದು ನಿಜವಾದ ರಾಕ್ಷಸನೆಂದು ಕಾಸರಗೋಡಿನ ಯಾವ ಪ್ರೇಕ್ಷಕನೂ ಭ್ರಮಿಸುವುದಿಲ್ಲ. ಆದರೂ ಮಕ್ಕಳು ತಾಯಂದಿರ ಸೆರಗಿಗೆ ಅವಿತುಕೊಳ್ಳುತ್ತಾರೆ. ವಾಸ್ತವದ ಅನುಕರಣೆ ಬೇರೆ, ರಸದ ನಿಷ್ಪತ್ತಿ ಬೇರೆ. ಏಜಿ ತ್ಸುಬುರಾಯಾ ಈ ಚಿತ್ರದ ಕಾಳಗವನ್ನು ಅಂದು ಜಪಾನಿನಲ್ಲಿ ಜನಪ್ರಿಯವಾಗಿದ್ದ ವೃತ್ತಿಪರ ಕುಸ್ತಿಯ ಮಾದರಿಯಲ್ಲಿ ರೂಪಿಸಿದರು. ಅವರು ಬಯಸಿದುದು ಭಯಾನಕವನ್ನಲ್ಲ, ಹಾಸ್ಯವನ್ನು. ಹಾಸ್ಯಕ್ಕೆಂದು ಮಾಡಿದುದನ್ನು ಭಯಾನಕದ ಅಳತೆಗೋಲಿನಿಂದ ಅಳೆದು ಹೀಗಳೆಯುವುದು ನ್ಯಾಯವಲ್ಲ.

ಎರಡನೆಯ ವರ್ಗದವರು ಚಿತ್ರವನ್ನು ಅಜ್ಞಾನದಿಂದ ಹುಟ್ಟಿದ ವಿನೋದವೆಂದು ಬಗೆದು ಮೆಚ್ಚುತ್ತಾರೆ. ನಿರ್ಮಾಪಕರು ಗಂಭೀರವಾಗಿ ಮಾಡಹೊರಟರು, ಆದುದು ನಗೆಪಾಟಲು ಎನ್ನುತ್ತಾರೆ. ಇಲ್ಲಿ ಪಾಠವಿಮರ್ಶೆಯ ಪ್ರಶ್ನೆ ಏಳುತ್ತದೆ: ಅವರು ನೋಡಿದ ಚಿತ್ರ ಯಾವುದು? 1963ರಲ್ಲಿ ಅಮೆರಿಕದಲ್ಲಿ ಬಿಡುಗಡೆಯಾದ ಆವೃತ್ತಿಯಲ್ಲಿ ಜಾಹೀರಾತಿನ ವಿಡಂಬನೆಯ ಬಹುಭಾಗವನ್ನು ಕತ್ತರಿಸಿ, ವಾರ್ತಾವಾಚಕನೊಬ್ಬನ ದೃಶ್ಯಗಳನ್ನು ಸೇರಿಸಲಾಯಿತು. ಆಕಿರಾ ಇಫುಕುಬೆಯವರ ಸಂಗೀತದ ಹೆಚ್ಚಿನ ಭಾಗವನ್ನು ತೆಗೆದು ಬೇರೆ ಚಿತ್ರಗಳ ಸಂಗೀತವನ್ನು ತುಂಬಲಾಯಿತು. ವಿಡಂಬನೆ ಕಳಚಿದ ಮೇಲೆ ಉಳಿದುದು ವೇಷಗಳು ಮಾತ್ರ. ಅಂದರೆ ಈ ಅಭಿಪ್ರಾಯವು ಪ್ರಕ್ಷಿಪ್ತ ಪಾಠವನ್ನು ಓದಿ ಮೂಲಕವಿಯನ್ನು ಜರೆದಂತೆ.

ಇದಕ್ಕಿಂತ ಬೋಧಪ್ರದವಾದುದು ಚಿತ್ರದ ಅಂತ್ಯವನ್ನು ಕುರಿತ ಐತಿಹ್ಯ. ಅಮೆರಿಕದ ಪ್ರತಿಯಲ್ಲಿ ಕಾಂಗ್ ಗೆಲ್ಲುತ್ತಾನೆ, ಜಪಾನಿನ ಪ್ರತಿಯಲ್ಲಿ ಗಾಡ್ಜಿಲಾ ಗೆಲ್ಲುತ್ತಾನೆ ಎಂಬ ಮಾತು ದಶಕಗಳ ಕಾಲ ಪತ್ರಿಕೆಗಳಲ್ಲಿಯೂ ರಸಪ್ರಶ್ನೆಗಳಲ್ಲಿಯೂ ಸಂಗತಿಯೆಂದೇ ಚಲಾವಣೆಯಾಯಿತು. ವಸ್ತುತಃ ಎರಡರಲ್ಲಿಯೂ ಇಬ್ಬರೂ ಕಡಲಿಗೆ ಬೀಳುತ್ತಾರೆ, ಕಾಂಗ್ ಒಬ್ಬನೇ ಮೇಲೆದ್ದು ಈಜುತ್ತಾನೆ. ಪ್ರತಿಯೊಂದು ದೇಶವೂ ತನ್ನ ವೀರನಿಗೇ ಜಯ ಕೊಟ್ಟಿರಬೇಕೆಂಬ ಊಹೆ ಎಷ್ಟು ಸಹಜವಾಗಿ ತೋರಿತೆಂದರೆ, ಎರಡು ಪ್ರತಿಗಳನ್ನು ಹೋಲಿಸಿ ನೋಡುವ ಶ್ರಮವನ್ನು ಹೆಚ್ಚಿನವರು ವಹಿಸಲಿಲ್ಲ. ಒಂದೇ ಕದನದಲ್ಲಿ ಇಬ್ಬರು ಅರಸರೂ ಜಯ ಸಾರುವ ಶಾಸನಗಳನ್ನು ಓದಿ ಬಲ್ಲ ನಮಗೆ ಇದು ಎಚ್ಚರಿಕೆಯಾಗಬೇಕು.

ಇದೇ ಬಗೆಯ ಪ್ರಶ್ನೆ ನಮ್ಮ ನಾಡಿನಲ್ಲಿಯೂ ಇದೆ. ಉಡುಪಿಯ ಬಳಿಯ ಉದ್ಯಾವರದಲ್ಲಿ 1920ರಲ್ಲಿ ಜನಿಸಿದ ಬಿ. ವಿಠಲಾಚಾರ್ಯರು ಮೈಸೂರಿನ ಮಹಾತ್ಮ ಪಿಕ್ಚರ್ಸ್‌ನಲ್ಲಿ ಡಿ. ಶಂಕರ್ ಸಿಂಗ್ ಅವರ ಜೊತೆಗಾರರಾಗಿದ್ದು, ಅನಂತರ ಮದರಾಸಿಗೆ ಹೋಗಿ ಕನ್ನಡ, ತೆಲುಗುಗಳಲ್ಲಿ ಮಾಂತ್ರಿಕರ, ಭೂತಗಳ ಚಿತ್ರಗಳನ್ನು ತೆಗೆದರು. ಅವರ 1978ರ ತೆಲುಗು ‘ಜಗನ್ಮೋಹಿನಿ’ಯಲ್ಲಿ ಮೋಹಿನಿಯು ಸೌದೆಯ ಬದಲು ತನ್ನ ಕಾಲುಗಳನ್ನೇ ಒಲೆಗೆ ಇಟ್ಟು ಅಡುಗೆ ಮಾಡುವ ದೃಶ್ಯವನ್ನು ಸುಶಿಕ್ಷಿತರು ಇಂದಿಗೂ ಹಾಸ್ಯಕ್ಕಾಗಿ ನೆನೆಯುತ್ತಾರೆ. ಆದರೆ ಅದು ಅಜ್ಜಿಕಥೆಯ ಕಲ್ಪನೆ. ಅದ್ಭುತ, ಭಯ, ನಗೆ ಮೂರೂ ಅಲ್ಲಿ ಬೇರ್ಪಡದೆ ಇವೆ. ಹಳ್ಳಿಯ ಟೆಂಟಿನಲ್ಲಿ ಅಂಜುತ್ತಲೇ ನಕ್ಕವನ ನಗೆಯೂ, ಇಂದು ಸಂಜಯನಗರದ ಮನೆಯಲ್ಲಿ ಕುಳಿತು ಮೊಬೈಲಿನಲ್ಲಿ ತುಣುಕು ನೋಡಿ ನಗುವ ವಿದ್ಯಾರ್ಥಿಯ ನಗೆಯೂ ಒಂದೇ ಅಲ್ಲ. ಮೊದಲನೆಯದು ಕಥೆಯೊಳಗಿನ ನಗೆ, ಎರಡನೆಯದು ಕಥೆಯ ಮೇಲಿನ ನಗೆ.

ಮೂರನೆಯ ವರ್ಗದ ಅಭಿಪ್ರಾಯ ಮೇಲ್ನೋಟಕ್ಕೆ ಉದಾರವಾದುದು: ಇದು ತಮಾಷೆಯ ಹಳೆಯ ಚಿತ್ರ, ಸುಮ್ಮನೆ ಆನಂದಿಸಿರಿ, ವಿಚಾರ ಬೇಡ ಎನ್ನುತ್ತದೆ. ನನ್ನ ದೃಷ್ಟಿಯಲ್ಲಿ ಮೂರರಲ್ಲಿ ಹೆಚ್ಚು ಅಪಾಯಕಾರಿಯಾದುದು ಇದೇ. ಕಾಂಗ್ ವಾಸಿಸುವ ಫಾರೋ ದ್ವೀಪದ ಜನರ ಪಾತ್ರಗಳನ್ನು ಮೈಗೆ ಕಪ್ಪು ಬಳಿದುಕೊಂಡ ಜಪಾನೀ ನಟರು ಆಡಿದ್ದಾರೆ. ಆ ಜನ ಹೊಗೆಸೊಪ್ಪಿಗೂ ರೇಡಿಯೋಗೂ ಮರುಳಾಗುತ್ತಾರೆ, ಬಾಲಕನ ಕೈಗೂ ಸಿಗರೇಟು ಬರುತ್ತದೆ. ಎರಡನೆಯ ಮಹಾಯುದ್ಧಕ್ಕೆ ಮುನ್ನ ದಕ್ಷಿಣ ಸಾಗರದ ದ್ವೀಪಗಳನ್ನು ಆಳಿದ ಸಾಮ್ರಾಜ್ಯವೊಂದರ ದೃಷ್ಟಿ ಆ ದೃಶ್ಯದಲ್ಲಿ ಅಳಿಯದೆ ನಿಂತಿದೆ. ಜಾಹೀರಾತುದಾರನನ್ನು ಅಣಕಿಸುವ ಚಿತ್ರವು ಅವನ ದುರಾಶೆಗೆ ಬಲಿಯಾದ ದ್ವೀಪವಾಸಿಗಳನ್ನೂ ಅಣಕಿಸಿತು. ತಮಾಷೆಯೆಂಬ ಹಣೆಪಟ್ಟಿ ಅಂಟಿಸಿದೊಡನೆ ಈ ದೋಷ ಕಣ್ಣಿಗೆ ಬೀಳುವುದಿಲ್ಲ, ಗುಣವೂ ಬೀಳುವುದಿಲ್ಲ.

ಹಗುರವೆಂದು ಎಣಿಸಿದುದನ್ನು ಯಾರೂ ಕಾಪಾಡುವುದಿಲ್ಲವೆಂಬುದು ಇನ್ನೊಂದು ಪರಿಣಾಮ. 1970ರಲ್ಲಿ ಮಕ್ಕಳ ಉತ್ಸವಕ್ಕಾಗಿ ಈ ಚಿತ್ರವನ್ನು 74 ನಿಮಿಷಗಳಿಗೆ ಇಳಿಸಿದಾಗ ಟೋಹೋ ಸಂಸ್ಥೆ ಮೂಲ ನೆಗೆಟಿವ್‌ಗೇ ಕತ್ತರಿಯಿಟ್ಟಿತು. ಇಡೀ ಚಿತ್ರ ಸುಸ್ಥಿತಿಗೆ ಮರಳಿದುದು 2016ರಲ್ಲಿ. ಕನ್ನಡದ ಮೊದಲ ವಾಕ್ಚಿತ್ರವಾದ 1934ರ ‘ಸತಿ ಸುಲೋಚನ’ದ ಪ್ರತಿ ನಮಗೆ ಉಳಿದೇ ಇಲ್ಲ. ಅದನ್ನು ಹೊಗಳುವವನಿಗೂ ಹಳಿಯುವವನಿಗೂ ಇಂದು ನೋಡಲು ಏನೂ ಇಲ್ಲ.

ಆದುದರಿಂದ ಪ್ರೇಕ್ಷಕಾಭಿಪ್ರಾಯವನ್ನು ಓದುವ ವಿದ್ಯಾರ್ಥಿಯು ಮೂರು ಪ್ರಶ್ನೆಗಳನ್ನು ಕೇಳಬೇಕು: ಆ ಪ್ರೇಕ್ಷಕನು ನೋಡಿದ ಪ್ರತಿ ಯಾವುದು, ಅವನು ಯಾವ ರಸವನ್ನು ನಿರೀಕ್ಷಿಸಿ ಹೋದನು, ಅವನ ನಗೆಯು ಯಾರನ್ನು ಮರೆಮಾಡಿತು? ಇವಕ್ಕೆ ಉತ್ತರ ದೊರೆತ ಮೇಲೆ ನಾವೂ ಧಾರಾಳವಾಗಿ ನಗಬಹುದು. ಚಿತ್ರವು ಅದಕ್ಕೆ ಯೋಗ್ಯವಾಗಿಯೇ ಇದೆ.